ಕೇಸು ಇಲ್ಲದ ಬ್ಲಾಕಿನಲ್ಲಿ ಕಾಲಾಜಾರ್ ಹುಡುಕುವುದು ಹೇಗೆ

ಪಬ್ಲಿಕ್ ಹೆಲ್ತ್ ಓದಿ ಬಿಹಾರದ ಕಡೆ ಕೆಲಸಕ್ಕೆ ಹೊರಟ ನಮ್ಮ ಹುಡುಗರು ಆಗಾಗ ನನಗೆ ಫೋನ್ ಮಾಡುತ್ತಾರೆ. ನಾನು ಹಾವೇರಿ ಕಡೆಯವಳು, ಬಹಳ ವರ್ಷಗಳಿಂದ ಸಾರಣ್ ಜಿಲ್ಲೆಯಲ್ಲಿ ಕಾಲಾಜಾರ್ ಕೆಲಸ ಮಾಡುತ್ತಿದ್ದೇನೆ ಅಂತ ಯಾರೋ ನಂಬರ್ ಕೊಟ್ಟಿರುತ್ತಾರೆ. ಕೇಳುವುದೆಲ್ಲ ಒಂದೇ ಪ್ರಶ್ನೆ. "ಅಕ್ಕಾರ, ಈಗ ಅಲ್ಲಿ ಕೇಸೇ ಇಲ್ಲಂತಲ್ರಿ, ಹೋಗಿ ಮಾಡೂದರ ಏನ್ರಿ?"

ಮಾಡುವುದು ಬೇಕಾದಷ್ಟಿದೆ. ಕೇಸು ಸಾವಿರಗಟ್ಟಲೆ ಇದ್ದ ಕಾಲದಲ್ಲಿ ರೋಗಿಗಳೇ ಆಸ್ಪತ್ರೆಗೆ ಬರುತ್ತಿದ್ದರು. ಈಗ ನಾವು ಅವರ ಮನೆ ಹುಡುಕಿಕೊಂಡು ಹೋಗಬೇಕು. ಹೋಗುವುದನ್ನು ಬಿಟ್ಟಾಗಲೆಲ್ಲ ಈ ಕಾಯಿಲೆ ತಿರುಗಿ ಬಂದಿದೆ. ಅದಕ್ಕೇ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕಾಲಾಜಾರ್ ಕರ್ನಾಟಕದವರಿಗೆ ಅಷ್ಟು ಪರಿಚಯವಿಲ್ಲ. ನಮಗೆ ಡೆಂಗಿ ಗೊತ್ತು, ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತು. ಇದು ಲೀಷ್ಮೇನಿಯಾ ಡೊನೊವಾನಿ ಅನ್ನುವ ಬಹಳ ಸಣ್ಣ ಪರಾವಲಂಬಿ ಜೀವಿಯಿಂದ ಬರುತ್ತದೆ. ಹೆಣ್ಣು ಮರಳು ನೊಣ ಕಚ್ಚಿ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತದೆ. ಜ್ವರ ವಾರಗಟ್ಟಲೆ ಬಿಡುವುದಿಲ್ಲ. ಎಡಪಕ್ಕೆಲುಬಿನ ಕೆಳಗಿರುವ ಗುಲ್ಮ ಊದುತ್ತದೆ, ಮೈ ಬಡಕಲಾಗುತ್ತದೆ, ರಕ್ತ ಇಳಿಯುತ್ತದೆ, ಚರ್ಮ ಕಪ್ಪಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಹೆಚ್ಚು ಕಡಿಮೆ ಸಾವೇ ಗತಿ. ಬ್ರೆಜಿಲ್‌ನಲ್ಲಿ ಇದರ ಇನ್ನೊಂದು ಜಾತಿ ನಾಯಿಗಳಲ್ಲಿ ಉಳಿದುಕೊಳ್ಳುತ್ತದೆ. ಭಾರತ, ನೇಪಾಳ, ಬಾಂಗ್ಲಾದೇಶದಲ್ಲಿ ಮಾತ್ರ ಇದರ ನೆಲೆ ಮನುಷ್ಯ. ಹಾಗಾಗಿ ಇಲ್ಲಿ ಇದನ್ನು ಮುಗಿಸಲು ಸಾಧ್ಯವಿದೆ. ಜೊತೆಗೆ, ಒಬ್ಬ ರೋಗಿ ಕಣ್ತಪ್ಪಿದರೂ ಸರಪಳಿ ಮುಂದುವರಿಯುತ್ತದೆ.

ಮೊದಲು ಹಳೆಯ ರಿಜಿಸ್ಟರ್ ತೆಗೆಸಿ

ಕೆಲಸಕ್ಕೆ ಸೇರಿದ ದಿನವೇ ಎಲ್ಲರೂ ಈ ವರ್ಷದ ಪಟ್ಟಿ ಕೇಳುತ್ತಾರೆ. ನೀವು ಹತ್ತು ವರ್ಷದ ಪಟ್ಟಿ ಕೇಳಿ. ಈಚಿನದು ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದು ಪಿಎಚ್‌ಸಿಯ ಕಪಾಟಿನಲ್ಲಿ ಇರುತ್ತದೆ, ಗೆದ್ದಲು ಹತ್ತಿರದಿದ್ದರೆ. ಆ ರಿಜಿಸ್ಟರಿನಲ್ಲಿ ಊರಿನ ಹೆಸರಿಗಿಂತ ಟೋಲಾದ ಹೆಸರು ಮುಖ್ಯ. ಟೋಲಾ ಅಂದರೆ ಊರಿನೊಳಗಿನ ಕೇರಿ. ಒಂದು ಊರಿನಲ್ಲಿ ಎಂಟು ಟೋಲಾ ಇದ್ದರೆ ಕಾಲಾಜಾರ್ ಇರುವುದು ಒಂದರಲ್ಲೋ ಎರಡರಲ್ಲೋ. ಸಾರಣ್ ಕಡೆ ಅದು ಸಾಮಾನ್ಯವಾಗಿ ಮುಸಹರ್ ಅನ್ನುವ ದಲಿತ ಸಮುದಾಯದ ಟೋಲಾ. ಭೂಮಿ ಇಲ್ಲದವರು, ಮಣ್ಣಿನ ಗೋಡೆಯವರು.

ಗ್ರಾಮದ ನಕ್ಷೆಯನ್ನು ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಬರೆಯಿರಿ. ಹಣೆಗೆ ಇಟ್ಟುಕೊಳ್ಳುವ ಬಿಂದಿ ಪ್ಯಾಕೆಟ್ ತನ್ನಿ. ಕಾಲಾಜಾರ್ ಬಂದ ಪ್ರತಿ ಮನೆಗೂ ಒಂದು ಕೆಂಪು ಬಿಂದಿ. ಚರ್ಮದ ಕಾಲಾಜಾರ್ ಬಂದಿದ್ದರೆ ಕಪ್ಪು ಬಿಂದಿ. ಅದರ ವಿಷಯ ಮುಂದೆ ಹೇಳುತ್ತೇನೆ. ಪಕ್ಕದಲ್ಲಿ ಇಸವಿ ಬರೆಯಿರಿ. ಆಶಾ ದೀದಿಯರನ್ನು ಸುತ್ತ ಕೂರಿಸಿಕೊಂಡು ಈ ಕೆಲಸ ಮಾಡಿದರೆ ರಿಜಿಸ್ಟರಿನಲ್ಲಿ ಇಲ್ಲದ ಮನೆಗಳೂ ಹೊರಗೆ ಬರುತ್ತವೆ. "ಆ ಮನೆಯ ಸೊಸೆ ತವರಿಗೆ ಹೋಗಿ ಔಷಧಿ ತಗೊಂಡಳು, ಇಲ್ಲಿ ಹೆಸರು ಬರೆಸಲಿಲ್ಲ" ಅಂತ ಒಬ್ಬರು ನೆನಪಿಸುತ್ತಾರೆ. ಅಂಥ ಮಾತು ಯಾವ ಸಾಫ್ಟ್‌ವೇರಿನಲ್ಲೂ ಸಿಗುವುದಿಲ್ಲ.

ಈಗ ನಕ್ಷೆ ನೋಡಿ. ಬಿಂದಿಗಳು ಗುಂಪು ಗುಂಪಾಗಿ ಇರುತ್ತವೆ. ಸರ್ಕಾರದ ಗುರಿ ಒಂದು ಬ್ಲಾಕಿನಲ್ಲಿ (ನಮ್ಮ ತಾಲ್ಲೂಕಿನ ಹಾಗೆ) ವರ್ಷಕ್ಕೆ 10,000 ಜನರಿಗೆ ಒಂದಕ್ಕಿಂತ ಕಡಿಮೆ ಕೇಸು. ಎರಡು ಲಕ್ಷ ಜನ ಇರುವ ಬ್ಲಾಕಿನಲ್ಲಿ 19 ಕೇಸು ಬಂದರೂ ಗುರಿ ಮುಟ್ಟಿದ ಹಾಗೆ. ಆ 19ರಲ್ಲಿ 7 ಒಂದೇ ಟೋಲಾದಲ್ಲಿ ಇದ್ದರೆ? ಬ್ಲಾಕಿನ ಲೆಕ್ಕದಲ್ಲಿ ಎಲ್ಲ ಚೆನ್ನಾಗಿದೆ, ಆ ಟೋಲಾದವರಿಗೆ ಮಾತ್ರ ಸಾಂಕ್ರಾಮಿಕ. ಸರಾಸರಿ ನಂಬಿ ಕೂರಬೇಡಿ. ಯಾವಾಗಲೂ ಟೋಲಾ ಮಟ್ಟದಲ್ಲಿ ನೋಡಿ.

ಇದು ಹೇಗೆ ಹಬ್ಬಿತು ಅನ್ನುವುದು ಗೊತ್ತಿರಲಿ

ಇತಿಹಾಸ ಯಾಕೆ ಅಂತ ಹುಡುಗರು ಕೇಳುತ್ತಾರೆ. ಎಲ್ಲಿ ನೋಡಬೇಕು ಅಂತ ಅದೇ ಹೇಳಿಕೊಡುತ್ತದೆ, ಅದಕ್ಕೆ.

1824ರ ಹೊತ್ತಿಗೆ ಜೆಸ್ಸೋರ್‌ನಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದಲ್ಲಿ, ದೊಡ್ಡದಾಗಿ ಕಾಣಿಸಿತು. ಆಮೇಲೆ ಬಂಗಾಳದ ಜಿಲ್ಲೆಗಳಲ್ಲಿ. 19ನೇ ಶತಮಾನದ ಕೊನೆಗೆ ಗಾರೋ ಬೆಟ್ಟಗಳಿಂದ ಬ್ರಹ್ಮಪುತ್ರ ಕಣಿವೆಗೆ ಇಳಿದು, ಜನ ಓಡಾಡುವ ದಾರಿ ಹಿಡಿದು ಅಸ್ಸಾಮಿನೊಳಗೆ ಮೇಲಕ್ಕೆ ಸಾಗಿತು. ನೌಗಾಂವ್ ಜಿಲ್ಲೆಯಲ್ಲಿ ಊರೂರೇ ಖಾಲಿಯಾದವು. 1896ರಲ್ಲಿ ಲಿಯೊನಾರ್ಡ್ ರಾಜರ್ಸ್ ಅನ್ನುವ ವೈದ್ಯರು ಅಲ್ಲಿಗೆ ಹೋಗಿ ಅಧ್ಯಯನ ಮಾಡಿದರು. ಆಗ ರೋಗಕ್ಕೆ ಕಾರಣವೂ ಗೊತ್ತಿರಲಿಲ್ಲ, ಔಷಧಿಯೂ ಇರಲಿಲ್ಲ. ಆದರೂ ಅಲ್ಲಿನ ಚಹಾ ತೋಟಗಳಲ್ಲಿ ರಾಜರ್ಸ್ ಮತ್ತು ತೋಟದ ವೈದ್ಯ ಡಾಡ್ಸ್ ಪ್ರೈಸ್ ಒಂದು ಉಪಾಯ ಕಂಡುಕೊಂಡರು. ರೋಗ ಇಲ್ಲದ ಕುಟುಂಬಗಳನ್ನು ಹಳೆಯ ಕೂಲಿ ಲೈನಿನಿಂದ ಕೆಲವು ನೂರು ಗಜ ದೂರದ ಹೊಸ ಮನೆಗಳಿಗೆ ಸಾಗಿಸಿದರು. ರೋಗ ಅಲ್ಲಿಗೆ ಬರಲಿಲ್ಲ. ಈ ವಿಷಯ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಈ ರೋಗ ಮನೆಯ ಸುತ್ತಮುತ್ತ ಇರುವಂಥದ್ದು. ನೊಣ ದೂರ ಹಾರುವುದಿಲ್ಲ. ಊರಿಂದ ಊರಿಗೆ ಅದನ್ನು ಒಯ್ಯುವುದು ಮನುಷ್ಯನ ಓಡಾಟ.

1903ರಲ್ಲಿ ವಿಲಿಯಂ ಲೀಷ್ಮನ್ ಲಂಡನ್ನಿನಿಂದ ತಮ್ಮ ವರದಿ ಪ್ರಕಟಿಸಿದರು. ಕಲ್ಕತ್ತೆಯ ಹತ್ತಿರದ ದಮ್‌ದಮ್‌ನಲ್ಲಿ ಜ್ವರ ಹತ್ತಿ ಸತ್ತ ಸೈನಿಕನ ಗುಲ್ಮದಲ್ಲಿ ಕಂಡದ್ದನ್ನು ಅದರಲ್ಲಿ ವಿವರಿಸಿದರು. ಅದೇ ವರ್ಷ ಮದ್ರಾಸಿನಲ್ಲಿ ಚಾರ್ಲ್ಸ್ ಡೊನೊವಾನ್ ಅದೇ ಜೀವಿಯನ್ನು ಕಂಡರು. ಕಲ್ಕತ್ತೆಯ ಉಪೇಂದ್ರನಾಥ ಬ್ರಹ್ಮಚಾರಿ 1920ರ ಸುಮಾರಿಗೆ ಯೂರಿಯಾ ಸ್ಟಿಬಮೈನ್ ಅನ್ನುವ ಔಷಧಿ ತಯಾರಿಸಿದರು. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ನೊಣವೇ ಕಾರಣ ಅಂತ ಸಾಬೀತು ಮಾಡಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ರಕ್ತ ಕುಡಿಸಿದ ನೊಣಗಳು ಲ್ಯಾಬಿನಲ್ಲಿ ಬೇಗ ಸಾಯುತ್ತಿದ್ದವು. ಒಣದ್ರಾಕ್ಷಿಯ ರಸ ಕೊಟ್ಟಾಗ ಬದುಕಿದವು, ಅವುಗಳ ಹೊಟ್ಟೆಯಲ್ಲಿ ಪರಾವಲಂಬಿ ಚೆನ್ನಾಗಿ ಬೆಳೆಯಿತು. 1942ರಲ್ಲಿ ಅಸ್ಸಾಮಿನಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಮೂವರೂ ಸೇರಿ, ಅಂಥ ನೊಣಗಳಿಂದ ಸ್ವಯಂಸೇವಕರಿಗೆ ಕಚ್ಚಿಸಿ ರೋಗ ದಾಟುವುದನ್ನು ತೋರಿಸಿದರು. ಕಚ್ಚಿಸಿಕೊಂಡ ಆ ಜನರನ್ನು ನಾನು ಆಗಾಗ ನೆನೆಯುತ್ತೇನೆ.

ಆಮೇಲೆ ನಡೆದದ್ದೇ ನಿಮಗೆ ಮುಖ್ಯ. 1950ರ ದಶಕದಲ್ಲಿ ಮಲೇರಿಯಾಕ್ಕೆಂದು ಮನೆ ಮನೆಗೂ ಡಿಡಿಟಿ ಹೊಡೆದರು. ಸೊಳ್ಳೆಯ ಜೊತೆ ಮರಳು ನೊಣವೂ ಸತ್ತಿತು. 1960ರ ದಶಕದಲ್ಲಿ ಬಿಹಾರದಲ್ಲಿ ಕಾಲಾಜಾರ್ ಕಾಣುವುದೇ ಅಪರೂಪವಾಯಿತು. ಮಲೇರಿಯಾ ಇಳಿದ ಮೇಲೆ ಸಿಂಪಡಣೆ ನಿಂತಿತು. 1977ರಲ್ಲಿ ವೈಶಾಲಿ, ಮುಜಫರ್‌ಪುರದ ಕಡೆ ಅದು ಭುಗಿಲೆದ್ದಿತು. ಸುಮಾರು ಒಂದು ಲಕ್ಷ ಜನರಿಗೆ ಬಂದಿರಬಹುದು ಅನ್ನುವ ಅಂದಾಜಿದೆ. ಮತ್ತೆ ಡಿಡಿಟಿ, ಮತ್ತೆ ಇಳಿತ, ಮತ್ತೆ ಸಡಿಲ. 1992ರಲ್ಲಿ ದೇಶದಲ್ಲಿ ದಾಖಲಾದದ್ದೇ 77,102 ಕೇಸು, 1,419 ಸಾವು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಹೀಗೆ ಏಳುತ್ತಲೇ ಬಂದಿದೆ.

2005ರಲ್ಲಿ ಭಾರತ, ನೇಪಾಳ, ಬಾಂಗ್ಲಾದೇಶ ಸೇರಿ 2015ಕ್ಕೆ ಮುಗಿಸೋಣ ಅಂತ ಒಪ್ಪಂದ ಮಾಡಿಕೊಂಡವು. ಆ ಗಡುವು ತಪ್ಪಿತು, ಅದರ ಮುಂದಿನದೂ ತಪ್ಪಿತು. ಆದರೂ ಕೇಸು ಇಳಿದದ್ದು ನಿಜ. 2007ರಲ್ಲಿ ಭಾರತದಲ್ಲಿ 44,533 ಇದ್ದದ್ದು 2014ಕ್ಕೆ 9 ಸಾವಿರದ ಆಸುಪಾಸು, 2023ಕ್ಕೆ ಆರುನೂರಕ್ಕಿಂತ ಕಡಿಮೆ. ಬಾಂಗ್ಲಾದೇಶ 2023ರಲ್ಲಿ ಕಾಲಾಜಾರ್ ಮುಗಿಸಿದೆ ಅಂತ ಡಬ್ಲ್ಯುಎಚ್‌ಒದಿಂದ ಮುದ್ರೆ ಹಾಕಿಸಿಕೊಂಡ ಮೊದಲ ದೇಶವಾಯಿತು. ಈಗ ಜಗತ್ತಿನಲ್ಲಿ ಇದರ ದೊಡ್ಡ ಭಾರ ಪೂರ್ವ ಆಫ್ರಿಕಾದ ಮೇಲಿದೆ: ಸೂಡಾನ್, ದಕ್ಷಿಣ ಸೂಡಾನ್, ಇಥಿಯೋಪಿಯಾ, ಕೀನ್ಯಾ. ನಾವು ಇಷ್ಟು ದೂರ ಬಂದಿದ್ದೇವೆ, ಅದು ಸಣ್ಣ ಮಾತಲ್ಲ. 1970ರಲ್ಲಿ ಇದ್ದವರೂ ಬಹುಶಃ ಹೀಗೇ ಅಂದುಕೊಂಡಿದ್ದರು.

ನೊಣ ಎಲ್ಲಿರುತ್ತದೆ

ಮರಳು ನೊಣ ನೋಡಿಲ್ಲ ಅನ್ನುವವರೇ ಜಾಸ್ತಿ. ಸೊಳ್ಳೆಗಿಂತ ತುಂಬಾ ಚಿಕ್ಕದು, ಎರಡು ಮೂರು ಮಿಲಿಮೀಟರ್. ಮೈ ತುಂಬ ಕೂದಲು. ಕೂತಾಗ ರೆಕ್ಕೆ ಮೇಲಕ್ಕೆ ಎತ್ತಿಕೊಂಡಿರುತ್ತದೆ. ಗುಂಯ್ ಅನ್ನುವ ಸದ್ದೂ ಇಲ್ಲ. ಹಾರುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಬೆಳಗ್ಗೆ ಬೇಗ ಟಾರ್ಚ್ ಹಿಡಿದು ಕೊಟ್ಟಿಗೆಯ ಮೂಲೆಗೆ ಹೋಗಿ. ಗೋಡೆಯ ಬಿರುಕಿನ ಹತ್ತಿರ, ನಿಮ್ಮ ಎದೆಮಟ್ಟಕ್ಕಿಂತ ಕೆಳಗೆ, ಅಡ್ಡ ಬೆಳಕು ಬಿಡಿ. ಬೂದು ಬಣ್ಣದ ಚುಕ್ಕೆ ಪಕ್ಕಕ್ಕೆ ಜಿಗಿದರೆ ಅದೇ.

ಸೊಳ್ಳೆಯ ಹಾಗೆ ಇದು ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಸಗಣಿ, ಕಸ ಬೆರೆತ ಹಸಿ ಮಣ್ಣು ಸಾಕು. ಹಾಗಾಗಿ ನಿಂತ ನೀರು ತೆಗೆಸುವ ನಮ್ಮ ಡೆಂಗಿ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸೊಳ್ಳೆ ಪರದೆಯ ಮೇಲೂ ಪೂರ್ತಿ ಭರವಸೆ ಇಡಬೇಡಿ. ಸಾಮಾನ್ಯ ಪರದೆಯ ತೂತಿನಲ್ಲಿ ಇದು ಆರಾಮಾಗಿ ನುಸುಳುತ್ತದೆ. ಔಷಧಿ ಸವರಿದ ಪರದೆಗಳನ್ನು ಬಿಹಾರ, ನೇಪಾಳದ ಹಳ್ಳಿಗಳಲ್ಲಿ ಹಂಚಿ ಪರೀಕ್ಷಿಸಿದ ದೊಡ್ಡ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಸೋಂಕು ಕಡಿಮೆಯಾದದ್ದು ಅದರಲ್ಲಿ ಕಾಣಲಿಲ್ಲ. ಪರದೆ ಬೇಡ ಅನ್ನುತ್ತಿಲ್ಲ. ಅದನ್ನು ಹಂಚಿ ಕೆಲಸ ಮುಗಿಯಿತು ಅನ್ನಬೇಡಿ.

ಜ್ವರದವರನ್ನು ಕೇಳುವ ಬಗೆ

"ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ?" ಅಂತ ಬಾಗಿಲಲ್ಲಿ ನಿಂತು ಕೇಳಿದರೆ ಇಲ್ಲ ಅನ್ನುತ್ತಾರೆ. ಹಗಲು ಜ್ವರ ಇರುವುದಿಲ್ಲ, ಸಂಜೆಗೆ ಬರುತ್ತದೆ. ಕೇಳುವ ರೀತಿ ಬದಲಿಸಿ. ಎರಡು ವಾರದಿಂದ ಸಂಜೆ ಹೊತ್ತು ಮೈ ಬಿಸಿಯಾಗುತ್ತಿದೆಯಾ? ಯಾರಾದರೂ ಕೂಲಿಗೆ ಹೋಗುವುದನ್ನು ಬಿಟ್ಟಿದ್ದಾರಾ? ಯಾವ ಮಗುವಿನ ಹೊಟ್ಟೆ ದಪ್ಪಗಾಗಿ ಕೈಕಾಲು ಸಣ್ಣಗಾಗಿದೆ? ಊರಿನ ಝೋಲಾ ಡಾಕ್ಟರ ಹತ್ತಿರ ಈ ತಿಂಗಳು ಯಾರು ಪದೇ ಪದೇ ಇಂಜೆಕ್ಷನ್ ತೆಗೆದುಕೊಂಡರು? ಈ ಕೊನೆಯ ಪ್ರಶ್ನೆಯನ್ನು ಆ ಡಾಕ್ಟರಿಗೇ ಹೋಗಿ ಕೇಳಿ. ಅವರಿಗೆ ಡಿಗ್ರಿ ಇಲ್ಲ ಅಂತ ದೂರ ಇಡಬೇಡಿ. ಬಡವರ ಮೊದಲ ಜ್ವರ ಹೋಗುವುದು ಅವರ ಹತ್ತಿರವೇ. ಮರ್ಯಾದೆಯಿಂದ ಮಾತಾಡಿಸಿ, ನಿಮ್ಮ ನಂಬರ್ ಕೊಟ್ಟು ಬನ್ನಿ. ಎಷ್ಟೋ ಕೇಸುಗಳ ಮೊದಲ ಸುಳಿವು ನನಗೆ ಅವರಿಂದಲೇ ಸಿಕ್ಕಿದೆ.

ಹೆಂಗಸರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗಂಡಸಿಗೆ ಜ್ವರ ಬಂದರೆ ಕೂಲಿ ನಿಲ್ಲುತ್ತದೆ, ಆಸ್ಪತ್ರೆಗೆ ಹೋಗುತ್ತಾನೆ. ಹೆಂಗಸು ಜ್ವರದಲ್ಲೇ ಒಲೆ ಹಚ್ಚುತ್ತಾಳೆ, ಕೊನೆಗೆ ಬರುತ್ತಾಳೆ. ಬಾಗಿಲಲ್ಲಿ ಗಂಡ ಅಥವಾ ಮಾವ ಉತ್ತರ ಕೊಟ್ಟರೆ ಅಲ್ಲಿಗೆ ಬಿಡಬೇಡಿ. ಒಳಗೆ ಹೋಗಿ, ಹೊರಸಿನ ಮೇಲೆ ಕೂತು, ಅವಳನ್ನೇ ಕೇಳಿ. ಗಂಡು ಹುಡುಗರಾದರೆ ಆಶಾ ದೀದಿಯನ್ನು ಒಳಗೆ ಕಳಿಸಿ.

ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಎರಡರಿಂದ ಆರು ತಿಂಗಳು ಬೇಕು. ಹಾಗಾಗಿ ಈಗ ಎಲ್ಲಿದ್ದೀರಿ ಅನ್ನುವುದರ ಜೊತೆಗೆ ಆರು ತಿಂಗಳ ಹಿಂದೆ ಎಲ್ಲಿ ಮಲಗುತ್ತಿದ್ದಿರಿ ಅಂತಲೂ ಕೇಳಿ ಬರೆದುಕೊಳ್ಳಿ.

ಪರೀಕ್ಷೆ ಸುಲಭ. ಆರ್‌ಕೆ-39 ಅನ್ನುವ ಪರೀಕ್ಷೆಯ ಪಟ್ಟಿ (ಸ್ಟ್ರಿಪ್) ಇದೆ. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ಹಾಕಿ, ಜೊತೆಗೆ ಬರುವ ದ್ರವ ಸೇರಿಸಿ, ಹತ್ತು ನಿಮಿಷ ಕಾಯಿರಿ. ಆ ಹತ್ತು ನಿಮಿಷ ತಾಯಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪಟ್ಟಿಯನ್ನೇ ನೋಡುತ್ತಿರುತ್ತಾಳೆ. ಮೊದಲು ದ್ರವ ಗುಲಾಬಿ ಬಣ್ಣದಲ್ಲಿ ಮೇಲಕ್ಕೆ ಏರುತ್ತದೆ. ಆಮೇಲೆ ಕಂಟ್ರೋಲ್ ಗೆರೆ ಮೂಡುತ್ತದೆ. ಅದು ಮೂಡದಿದ್ದರೆ ಪಟ್ಟಿ ಕೆಟ್ಟಿದೆ, ಇನ್ನೊಂದು ತೆಗೆಯಿರಿ. ಅದರ ಜೊತೆ ಎರಡನೇ ಗೆರೆ ಬಂದರೆ ಪಾಸಿಟಿವ್. ಎಷ್ಟೇ ಮಸುಕಾಗಿದ್ದರೂ ಪಾಸಿಟಿವ್. ಪಟ್ಟಿಯನ್ನು ಬಿಸಿಲಿಗೆ ಹಿಡಿದು ಓದಿ, ಕತ್ತಲ ಮನೆಯಲ್ಲಿ ಮಸುಕು ಗೆರೆ ಕಾಣುವುದಿಲ್ಲ. ಆದರೆ ಗೆರೆ ಒಂದನ್ನೇ ನೋಡಿ ಕಾಲಾಜಾರ್ ಅನ್ನುವಂತಿಲ್ಲ. ಎರಡು ವಾರದ ಜ್ವರ, ಊದಿದ ಗುಲ್ಮ, ಜೊತೆಗೆ ಗೆರೆ, ಮೂರೂ ಸೇರಬೇಕು. ಆರೋಗ್ಯವಾಗಿರುವ ಕೆಲವರಲ್ಲೂ ಗೆರೆ ಬರುತ್ತದೆ. ಹಿಂದೆ ಕಾಲಾಜಾರ್ ಬಂದು ವಾಸಿಯಾದವರಲ್ಲಿ ವರ್ಷಗಟ್ಟಲೆ ಬರುತ್ತಲೇ ಇರುತ್ತದೆ. ಅಂಥವರಿಗೆ ಮತ್ತೆ ಜ್ವರ ಬಂದರೆ ಈ ಪಟ್ಟಿ ಸಾಲದು. ಗುಲ್ಮದಿಂದಲೋ ಮೂಳೆಯ ಮಜ್ಜೆಯಿಂದಲೋ ಮಾದರಿ ತೆಗೆದು ನೋಡುವ ದೊಡ್ಡ ಆಸ್ಪತ್ರೆಗೆ ಕಳಿಸಿ. ಬಿಹಾರದಲ್ಲಿ ಅಂದರೆ ಪಟ್ನಾದ ರಾಜೇಂದ್ರ ಸ್ಮಾರಕ ಸಂಶೋಧನಾ ಸಂಸ್ಥೆ ಇದೆ.

ಔಷಧಿ ಒಂದು ದಿನದ್ದು, ಕೆಲಸ ಒಂದು ವರ್ಷದ್ದು

ಮೊದಲು ಆಂಟಿಮನಿ ಇಂಜೆಕ್ಷನ್ ವಾರಗಟ್ಟಲೆ ಚುಚ್ಚುತ್ತಿದ್ದರು. ಅರ್ಧಂಬರ್ಧ ಕೊಟ್ಟೂ ಕೊಟ್ಟೂ 1990ರ ದಶಕದ ಹೊತ್ತಿಗೆ ಮುಜಫರ್‌ಪುರದ ಸುತ್ತಮುತ್ತ ಅರ್ಧಕ್ಕಿಂತ ಜಾಸ್ತಿ ರೋಗಿಗಳಿಗೆ ಅದು ನಾಟದಂತಾಯಿತು. 2002ರಲ್ಲಿ ಮಿಲ್ಟೆಫೊಸಿನ್ ಅನ್ನುವ ಮಾತ್ರೆ ಬಂತು. 28 ದಿನ ನುಂಗಬೇಕು, ಗರ್ಭಿಣಿಯರಿಗೆ ಕೊಡುವಂತಿಲ್ಲ. 2010ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಶ್ಯಾಮ್ ಸುಂದರ್ ಮತ್ತು ಅವರ ಜೊತೆಗಾರರು ಲೈಪೊಸೋಮಲ್ ಆಂಫೊಟೆರಿಸಿನ್ ಬಿ ಒಂದೇ ಡೋಸ್ ಸಾಕು ಅಂತ ತೋರಿಸಿದರು. ಕೆಜಿ ತೂಕಕ್ಕೆ 10 ಮಿಲಿಗ್ರಾಂ, ಒಂದೇ ಸಲ, ಡ್ರಿಪ್ಪಿನಲ್ಲಿ. 2014ರಿಂದ ಭಾರತದ ಕಾರ್ಯಕ್ರಮದಲ್ಲಿ ಇದೇ ಮೊದಲ ಔಷಧಿ, ರೋಗಿಗೆ ಉಚಿತ. ಬೆಳಗ್ಗೆ ಬಂದವರು ಮರುದಿನ ಮನೆಗೆ ಹೋಗಬಹುದು. ಕೂಲಿಯವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಡೋಸ್ ಕೊಡುವುದು ಡಾಕ್ಟರ ಕೆಲಸ. ನಿಮ್ಮ ಪಾಲಿನದು ಅದು ಕೆಡದಂತೆ ನೋಡಿಕೊಳ್ಳುವುದು. ಔಷಧಿ 25 ಡಿಗ್ರಿಗಿಂತ ಕೆಳಗೆ ಇರಬೇಕು. ಮೇ ತಿಂಗಳ ಬಿಹಾರದಲ್ಲಿ ಕರೆಂಟ್ ಹೋದಾಗ ಆ ಫ್ರಿಜ್ ಏನಾಯಿತು ಅಂತ ಹೋಗಿ ನೋಡಿ, ಥರ್ಮಾಮೀಟರ್ ಚೀಟಿ ಓದಿ. ಅದನ್ನು ಡೆಕ್ಸ್‌ಟ್ರೋಸ್‌ನಲ್ಲಿ ಮಾತ್ರ ಬೆರೆಸಬೇಕು, ಸಲೈನ್‌ನಲ್ಲಿ ಬೆರೆಸಿದರೆ ಹಾಳು. ಡೆಕ್ಸ್‌ಟ್ರೋಸ್ ಬಾಟಲಿ ಇದೆಯಾ ಅಂತ ರೋಗಿ ಬರುವ ಮೊದಲೇ ಕೇಳಿಡಿ. ರೋಗಿಯ ತೂಕ ನಿಜವಾಗಿಯೂ ತೂಗಿಸಿ, ಅಂದಾಜು ಬೇಡ. ಪ್ರತಿ ರೋಗಿಗೂ ಎಚ್‌ಐವಿ ಪರೀಕ್ಷೆ ಮಾಡಿಸಿ, ಯಾಕೆಂದರೆ ಎರಡೂ ಇದ್ದರೆ ಚಿಕಿತ್ಸೆಯೇ ಬೇರೆ, ರೋಗ ಮರುಕಳಿಸುವುದೂ ಜಾಸ್ತಿ.

ಬಿಹಾರದಲ್ಲಿ ರೋಗಿಗೆ ಕೂಲಿ ನಷ್ಟದ ಪರಿಹಾರವಾಗಿ ಕೇಂದ್ರದ 500, ರಾಜ್ಯದ 6,600, ಒಟ್ಟು 7,100 ರೂಪಾಯಿ ಬರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ದುಡ್ಡು ತಿಂಗಳುಗಟ್ಟಲೆ ಸಿಕ್ಕಿಬೀಳುತ್ತದೆ. ಭರ್ತಿಯಾದ ದಿನವೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ದುಡ್ಡು ಸರಿಯಾಗಿ ಬಂದ ಟೋಲಾದಲ್ಲಿ ಮುಂದಿನ ಜ್ವರದವರು ತಾವೇ ಬರುತ್ತಾರೆ. ಬರದ ಟೋಲಾದಲ್ಲಿ ನಿಮ್ಮ ಮುಖ ನೋಡುವುದಿಲ್ಲ.

ಔಷಧಿ ಕೊಟ್ಟು ಆರು ತಿಂಗಳಾದಾಗ ಒಮ್ಮೆ, ವರ್ಷವಾದಾಗ ಒಮ್ಮೆ ರೋಗಿಯ ಮನೆಗೆ ಹೋಗಿ ಬನ್ನಿ. ಫೋನಿನಲ್ಲಿ "ಠೀಕ್ ಬಾ" (ಚೆನ್ನಾಗಿದೆ) ಅಂದರೆ ಒಪ್ಪಿಕೊಳ್ಳಬೇಡಿ. ಕಣ್ಣಾರೆ ನೋಡಬೇಕು. ಯಾಕೆ ಅಂದರೆ, ಮುಂದೆ ಓದಿ.

ಚರ್ಮದ ಮೇಲಿನ ಕಲೆಗಳು

ಈ ಇಡೀ ಬರಹದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಕಾಲಾಜಾರ್ ವಾಸಿಯಾದ ನೂರು ಜನರಲ್ಲಿ ಐದರಿಂದ ಹತ್ತು ಜನರಿಗೆ, ಆರು ತಿಂಗಳಿಗೋ ಕೆಲವು ವರ್ಷಗಳಿಗೋ, ಚರ್ಮದ ಮೇಲೆ ತಿಳಿ ಬಣ್ಣದ ಕಲೆಗಳು ಬರುತ್ತವೆ. ಕಪ್ಪು ಬಿಂದಿಯ ಚರ್ಮದ ಕಾಲಾಜಾರ್ ಇದೇ, ಇದಕ್ಕೆ ಪಿಕೆಡಿಎಲ್ ಅನ್ನುತ್ತಾರೆ. ಬಾಯಿ, ಗಲ್ಲದ ಸುತ್ತ ಜಾಸ್ತಿ, ಆಮೇಲೆ ಎದೆ, ಬೆನ್ನು, ತೋಳು. ಕೆಲವರಲ್ಲಿ ಗಂಟುಗಳೂ ಏಳುತ್ತವೆ. ನೋವಿಲ್ಲ, ಸಾಮಾನ್ಯವಾಗಿ ತುರಿಕೆಯೂ ಇಲ್ಲ, ಜ್ವರ ಇಲ್ಲ. ಕೂಲಿಗೆ ಹೋಗುತ್ತಾರೆ, ಮದುವೆಗೆ ಹೋಗುತ್ತಾರೆ. ಹಾಗಾಗಿ ಯಾರೂ ಆಸ್ಪತ್ರೆಗೆ ಬರುವುದಿಲ್ಲ. ಆದರೆ ಆ ಕಲೆಯಲ್ಲಿ ಪರಾವಲಂಬಿ ಇದೆ. ಅಂಥವರನ್ನು ಕಚ್ಚಿದ ನೊಣಕ್ಕೆ ಸೋಂಕು ತಗಲುತ್ತದೆ ಅನ್ನುವುದು ಪರೀಕ್ಷೆಯಿಂದ ಗೊತ್ತಾಗಿದೆ. ಕಾಲಾಜಾರ್ ಜ್ವರದ ರೋಗಿ ಕೆಲವು ತಿಂಗಳಲ್ಲಿ ಔಷಧಿ ಪಡೆಯುತ್ತಾನೆ ಅಥವಾ ಸಾಯುತ್ತಾನೆ. ಈ ಕಲೆಯವರು ವರ್ಷಗಟ್ಟಲೆ ಆ ಟೋಲಾದಲ್ಲೇ ಮಲಗುತ್ತಾರೆ. ಎರಡು ಅಲೆಗಳ ನಡುವೆ ಈ ರೋಗ ಎಲ್ಲಿ ಅಡಗಿರುತ್ತದೆ ಅಂದರೆ, ದೊಡ್ಡ ಪಾಲು ಇಲ್ಲೇ ಅಂತ ನನ್ನ ನಂಬಿಕೆ. ಪಶ್ಚಿಮ ಬಂಗಾಳದ 24 ಪರಗಣದಲ್ಲಿ 1980ರ ದಶಕದಲ್ಲಿ ಎದ್ದ ಅಲೆಗೂ ಇದೇ ಕಾರಣ ಇರಬಹುದು ಅಂತ ಅಲ್ಲಿನ ಸಂಶೋಧಕರು ಬರೆದಿದ್ದಾರೆ.

ಹುಡುಕುವುದು ಹೇಗೆ? ಆ ಬಿಂದಿ ನಕ್ಷೆ ಈಗ ಕೈಗೆ ತಗೊಳ್ಳಿ. ಪ್ರತಿ ಕೆಂಪು ಬಿಂದಿಯ ಮನೆಗೂ ಹೋಗಿ, ಹತ್ತು ವರ್ಷ ಹಳೆಯದಾದರೂ ಹೋಗಿ. ಹಗಲಿನ ಬೆಳಕಿನಲ್ಲಿ, ಅಂಗಳದಲ್ಲಿ ಕೂರಿಸಿ ಮುಖ ನೋಡಿ. ಅಂಗಿ ತೆಗೆಸಿ ಬೆನ್ನು ನೋಡಿ. ತಿಳಿ ಕಲೆಗಳು ನೇರ ಎದುರಿನಿಂದ ಕಾಣದೇ ಹೋಗಬಹುದು, ಸ್ವಲ್ಪ ಓರೆಯಾಗಿ ನಿಂತರೆ ಕಾಣುತ್ತವೆ. ಹೆಣ್ಣುಮಕ್ಕಳನ್ನು ಎಎನ್‌ಎಂ ದೀದಿ, ಅಂದರೆ ಊರಿಗೆ ಬರುವ ಸರ್ಕಾರಿ ನರ್ಸ್, ಒಳಗೆ ಕರೆದುಕೊಂಡು ನೋಡಬೇಕು. ಮದುವೆಯಾಗದ ಹುಡುಗಿಯ ಹೆಸರನ್ನು ಅಂಗಳದಲ್ಲಿ ಜೋರಾಗಿ ಕೂಗಬೇಡಿ. ಕುಷ್ಠ ಅಂತ ಊರಿಗೆ ಗುಲ್ಲೆದ್ದರೆ ಆ ಮನೆಯವರು ನಿಮ್ಮನ್ನು ಇನ್ನೊಮ್ಮೆ ಒಳಗೆ ಬಿಡುವುದಿಲ್ಲ.

ಕುಷ್ಠಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯಲು ಹತ್ತಿ ಸಾಕು. ಹತ್ತಿಯ ತುದಿಯನ್ನು ಎಳೆಯಾಗಿ ಹೊಸೆದು, ಅವರ ಕಣ್ಣು ಮುಚ್ಚಿಸಿ, ಕಲೆಯ ಮೇಲೆ ಮುಟ್ಟಿಸಿ. ಮುಟ್ಟಿದ್ದು ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಹೇಳಿ. ಕುಷ್ಠದ ಕಲೆಯಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ. ಪಿಕೆಡಿಎಲ್‌ನಲ್ಲಿ ಗೊತ್ತಾಗುತ್ತದೆ. ತೊನ್ನು ಇನ್ನೂ ಹಾಲುಬಿಳುಪು, ಅಂಚು ಸ್ಪಷ್ಟ. ಅನುಮಾನ ಬಂದರೆ ಆರ್‌ಕೆ-39 ಮಾಡಿ, ಚರ್ಮದ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. "ಹೋಗಿ ಬನ್ನಿ" ಅಂತ ಚೀಟಿ ಕೊಟ್ಟರೆ ಹೋಗುವುದಿಲ್ಲ, ಜೊತೆಗೆ ಕರೆದೊಯ್ಯಿರಿ.

ಚಿಕಿತ್ಸೆ ಮಿಲ್ಟೆಫೊಸಿನ್, 12 ವಾರ. ಮೈಯಲ್ಲಿ ನೋವಿಲ್ಲದವರಿಗೆ ಮೂರು ತಿಂಗಳು ಮಾತ್ರೆ ನುಂಗಿಸುವುದು ಸುಲಭವಲ್ಲ. ವಾಂತಿ ಬರುತ್ತದೆ, ಊಟ ಮಾಡಿದ ಮೇಲೇ ಕೊಡಿ. ಕಣ್ಣು ಕೆಂಪಾದರೆ, ಮಂಜಾದರೆ ಮಾತ್ರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಹೆರುವ ವಯಸ್ಸಿನ ಹೆಂಗಸರು ಮಾತ್ರೆ ತಗೊಳ್ಳುವಾಗಲೂ ಆಮೇಲೆ ಕೆಲವು ತಿಂಗಳೂ ಬಸಿರಾಗದಂತೆ ನೋಡಿಕೊಳ್ಳಬೇಕು, ಇದನ್ನು ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿ. ಪಿಕೆಡಿಎಲ್‌ಗೂ 4,000 ರೂಪಾಯಿ ಪರಿಹಾರ ಇದೆ, ಮರೆಯದೆ ಹೇಳಿ. ಕಲೆ ಮಾಯವಾಗಲು ವರ್ಷ ಹಿಡಿಯಬಹುದು. ಮೊದಲೇ ಹೇಳಿಡದಿದ್ದರೆ ಔಷಧಿ ಸುಳ್ಳು ಅಂತ ನಡುವೆಯೇ ಬಿಡುತ್ತಾರೆ.

ಸಿಂಪಡಣೆಯ ದಿನ

ವರ್ಷಕ್ಕೆ ಎರಡು ಸುತ್ತು. ಮೊದಲನೆಯದು ಚಳಿ ಮುಗಿಯುತ್ತಿದ್ದಂತೆ ಫೆಬ್ರುವರಿ-ಮಾರ್ಚ್‌ನಲ್ಲಿ, ಎರಡನೆಯದು ಮಳೆಗಾಲದ ಆಸುಪಾಸು. ನೊಣ ಡಿಡಿಟಿಗೆ ಬಗ್ಗದಂತಾಗಿದ್ದರಿಂದ 2015ರ ಸುಮಾರಿನಿಂದ ಆಲ್ಫಾಸೈಪರ್‌ಮೆಥ್ರಿನ್ ಅನ್ನುವ ಕೀಟನಾಶಕ ಹೊಡೆಯುತ್ತಾರೆ. ಹಳೆಯ ಸ್ಟಿರಪ್ ಪಂಪ್ ಹೋಗಿ ಬೆನ್ನಿಗೆ ಹಾಕುವ ಕಂಪ್ರೆಷನ್ ಪಂಪ್ ಬಂದಿದೆ.

ನೀವು ಹೋಗಿ ನಿಂತು ನೋಡಬೇಕಾದ್ದು ಇಷ್ಟು. ನಳಿಕೆ ಗೋಡೆಯಿಂದ 45 ಸೆಂಟಿಮೀಟರ್ ದೂರ ಇರಬೇಕು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಒಂದು ಪಟ್ಟೆಯ ಪಕ್ಕ ಇನ್ನೊಂದು ಪಟ್ಟೆ. ಎತ್ತರ ಆರು ಅಡಿ ಸಾಕು, ನೊಣ ಅದಕ್ಕಿಂತ ಮೇಲೆ ಹೋಗುವುದು ಕಡಿಮೆ. ದೇವರ ಮೂಲೆ, ಅಡುಗೆ ಮನೆ, ಬಾಣಂತಿಯ ಕೋಣೆ ಬಿಡಿಸಿಕೊಳ್ಳಲು ನೋಡುತ್ತಾರೆ. ದೇವರ ಪಟ ನೀವೇ ಕೈಮುಗಿದು ಇಳಿಸಿ ಹೊರಗಿಡಿ, ಪಾತ್ರೆ ಹೊರಗೆ ಸಾಗಿಸಲು ಕೈ ಜೋಡಿಸಿ. ಕೊಟ್ಟಿಗೆ ಬಿಟ್ಟುಹೋಗಬಾರದು, ಅಲ್ಲಿ ನೊಣ ಜಾಸ್ತಿ. ಹೊಡೆಯುವ ಹುಡುಗರಿಗೆ ಕೈಗವಸು, ಮಾಸ್ಕ್ ಇದೆಯಾ ನೋಡಿ. ಅವರ ಕೂಲಿ ಹೊತ್ತಿಗೆ ಸರಿಯಾಗಿ ಬಂದಿದೆಯಾ ಅಂತಲೂ ಕೇಳಿ, ಬಾರದಿದ್ದರೆ ಮುಂದಿನ ಸುತ್ತಿಗೆ ಕೈಪಳಗಿದವರು ಸಿಗುವುದಿಲ್ಲ.

ಸಿಂಪಡಣೆಗೆ ದೊಡ್ಡ ಶತ್ರು ಹಬ್ಬ. ಮನೆ ಸಾರಿಸಿ ಹೊಸ ಮಣ್ಣು ಮೆತ್ತಿದರೆ ಔಷಧಿ ಒಳಗೆ ಮುಚ್ಚಿಹೋಗುತ್ತದೆ. ಹೋಳಿ ಯಾವಾಗ ಅಂತ ನೋಡಿಕೊಂಡು ದಿನ ಇಡಿ. ಮೊದಲು ಸಾರಿಸಲಿ, ಒಣಗಲಿ, ಆಮೇಲೆ ಹೊಡೆಯಿರಿ. ಮೂರು ತಿಂಗಳು ಗೋಡೆ ಮುಟ್ಟಬೇಡಿ ಅಂತ ಮನೆಯ ಹಿರಿಯ ಹೆಂಗಸಿಗೆ ಹೇಳಿ, ಗೋಡೆ ಸಾರಿಸುವುದು ಅವರ ಕೈಯಲ್ಲಿದೆ.

ಒಂದೇ ಒಂದು ಕೇಸು ಬಂದಾಗ

ವರ್ಷಗಳಿಂದ ಬಿಂದಿ ಇಲ್ಲದ ಊರಿನಲ್ಲಿ ಒಂದು ಕೇಸು ಬಂದರೆ ಅದನ್ನು ಹತ್ತು ಕೇಸಿನಷ್ಟೇ ಗಂಭೀರವಾಗಿ ತಗೊಳ್ಳಿ. ಆ ವಾರವೇ ಸುತ್ತಲ ಮನೆಗಳನ್ನೆಲ್ಲ ಜ್ವರಕ್ಕೂ ಕಲೆಗೂ ನೋಡಿ. ಸುತ್ತು ಬರುವವರೆಗೆ ಕಾಯದೆ ಆ ಟೋಲಾದಲ್ಲಿ ಸಿಂಪಡಣೆ ಮಾಡಿಸಿ. ರೋಗಿ ಎಲ್ಲಿಂದ ತಂದ ಅಂತ ಹುಡುಕಿ: ಹೆಂಡತಿಯ ತವರು, ಇಟ್ಟಿಗೆ ಭಟ್ಟಿ, ಅತ್ತೆಯ ಊರು. ನೇಪಾಳದಲ್ಲಿ ಈಗ ಹಿಂದೆ ರೋಗವೇ ಇರದಿದ್ದ ಬೆಟ್ಟದ ಜಿಲ್ಲೆಗಳಿಂದ ಕೇಸುಗಳು ಬರುತ್ತಿವೆ. ನಮ್ಮ ಬ್ಲಾಕು ಕಾಲಾಜಾರ್ ಇರುವ ಬ್ಲಾಕುಗಳ ಪಟ್ಟಿಯಲ್ಲಿ ಇಲ್ಲ ಅನ್ನುವುದು ಉತ್ತರವಲ್ಲ. ಕೇಸು ಇಲ್ಲದ ತಿಂಗಳಲ್ಲೂ ಸೊನ್ನೆ ಅಂತ ವರದಿ ತರಿಸಿ. ಆ ಸೊನ್ನೆಯ ಪಕ್ಕ, ಎಷ್ಟು ಜನರಿಗೆ ಪಟ್ಟಿ ಪರೀಕ್ಷೆ ಮಾಡಿದಿರಿ ಅಂತ ಕೇಳಿ. ಯಾರನ್ನೂ ಪರೀಕ್ಷಿಸದೆ ಬರೆದ ಸೊನ್ನೆಗೆ ಬೆಲೆ ಇಲ್ಲ.

ಕೊನೆಗೆ ಬೆಂಗಳೂರಿನ, ಹುಬ್ಬಳ್ಳಿಯ ಡಾಕ್ಟರುಗಳಿಗೆ ಒಂದು ಮಾತು. ನಾನು ನೋಡುವ ಟೋಲಾಗಳ ಗಂಡಸರು ನಿಮ್ಮ ಊರಿನ ಕಟ್ಟಡಗಳಲ್ಲಿ, ಮೆಟ್ರೋ ಕೆಲಸದಲ್ಲಿ ಇದ್ದಾರೆ. ಬಿಹಾರ, ಜಾರ್ಖಂಡ್, ಪೂರ್ವ ಉತ್ತರ ಪ್ರದೇಶ, ಉತ್ತರ ಬಂಗಾಳದ ಕೂಲಿಯವರಿಗೆ ಎರಡು ವಾರ ಮೀರಿದ ಜ್ವರ ಇದ್ದು, ಹೊಟ್ಟೆಯ ಎಡಗಡೆ ಕೈಗೆ ಗಟ್ಟಿ ಸಿಕ್ಕಿ, ಮೂರೂ ಬಗೆಯ ರಕ್ತಕಣ ಇಳಿದಿದ್ದರೆ ಟೈಫಾಯ್ಡ್, ಮಲೇರಿಯಾ, ರಕ್ತದ ಕ್ಯಾನ್ಸರ್ ಜೊತೆ ಕಾಲಾಜಾರ್ ಕೂಡ ಯೋಚಿಸಿ, ಆರ್‌ಕೆ-39 ತರಿಸಿ. ಪಾಸಿಟಿವ್ ಬಂದರೆ ರಾಜ್ಯದ ಕೀಟಜನ್ಯ ರೋಗಗಳ ವಿಭಾಗಕ್ಕೆ ತಿಳಿಸಿ. ಔಷಧಿ ಸರ್ಕಾರದ್ದೇ ಉಚಿತವಾಗಿ ಸಿಗುವ ದಾರಿ ಅಲ್ಲಿಂದ ತೆರೆಯುತ್ತದೆ. ಕೇಸ್ ಶೀಟಿನಲ್ಲಿ ಸೈಟಿನ ವಿಳಾಸ ಮಾತ್ರ ಬರೆಯಬೇಡಿ. ಜಿಲ್ಲೆ, ಬ್ಲಾಕ್, ಊರು, ಟೋಲಾ, ಜೊತೆಗೆ ಮನೆಯಲ್ಲಿರುವ ಯಾರದಾದರೂ ಫೋನ್ ನಂಬರ್ ಬರೆಯಿರಿ. ಆ ಟೋಲಾದ ಹೆಸರು ಸಿಕ್ಕರೆ ಇಲ್ಲಿ ನಾವು ಮರುದಿನವೇ ಆ ಮನೆ ಮುಟ್ಟುತ್ತೇವೆ.